ಡಾರ್ಕ್ ಕಾಮಿಡಿಯಲ್ಲಿ ಡಾಕ್ಟರು, ನರ್ಸು, ಡೆಂಟಿಸ್ಟೇ ವಿಲನ್ ಆದರೆ ಯಾಕಿಷ್ಟು ಮಜಾ?

ಮಧ್ಯಂತರ

ಪೊಲೀಸ್ ವಿಲನ್, ರಾಜಕಾರಣಿ ವಿಲನ್, ರೌಡಿ ವಿಲನ್ ಎಲ್ಲರನ್ನೂ ನೋಡಿ ನಕ್ಕಿದ್ದೇವೆ. ಆದರೆ ಬಿಳಿ ಕೋಟಿನ ವಿಲನ್ ಬಂದರೆ ನಗುವಿನ ಜೊತೆಗೇ ಮೈ ಜುಂ ಅನ್ನುತ್ತದೆ. ಯಾಕೆ ಅಂತ ಮಾತಾಡೋಣ ಅಂತ ಈ ಥ್ರೆಡ್.

ನನ್ನ ಲೆಕ್ಕ ಇಷ್ಟು. ಬೇರೆ ವಿಲನ್‌ಗಳು ಬಲಿಯನ್ನು ಅಟ್ಟಿಸಿಕೊಂಡು ಹೋಗಬೇಕು, ಹಿಡಿಯಬೇಕು, ಕಟ್ಟಿಹಾಕಬೇಕು. ಇವರಿಗೆ ಆ ಕಷ್ಟವೇ ಇಲ್ಲ. ಬಲಿಯೇ ಅಪಾಯಿಂಟ್‌ಮೆಂಟ್ ತೆಗೆದುಕೊಂಡು ಬರುತ್ತದೆ. ಸರದಿಯಲ್ಲಿ ಕೂರುತ್ತದೆ. ಫೀಸು ಕೊಡುತ್ತದೆ. ತಾನೇ ಮಲಗಿ ಬಾಯಿ ತೆರೆಯುತ್ತದೆ.

1986ರ 'ಲಿಟಲ್ ಶಾಪ್ ಆಫ್ ಹಾರರ್ಸ್' ನೋಡಿ. ಅದರಲ್ಲಿ ಸ್ಟೀವ್ ಮಾರ್ಟಿನ್ ಮಾಡಿರುವ ಡೆಂಟಿಸ್ಟ್ ಆರಿನ್, ಬೇರೆಯವರ ನೋವೇ ತನಗೆ ಸುಖ ಅನ್ನುವ ಆಸಾಮಿ. ಅವನ ಹತ್ತಿರ ಬಿಲ್ ಮರ್ರಿ ಪೇಷಂಟ್ ಆಗಿ ಬರುತ್ತಾನೆ. ಇವನಿಗೆ ಡ್ರಿಲ್ಲು, ಚುಚ್ಚು, ಎಳೆತ ಎಲ್ಲಾ ಇಷ್ಟ! ಆರಿನ್ ಏನು ಮಾಡಿದರೂ ಪೇಷಂಟ್ ಖುಷಿಯಿಂದ ಒದ್ದಾಡುತ್ತಾನೆ. ಕೊನೆಗೆ ಡೆಂಟಿಸ್ಟೇ ಅಸಹ್ಯಪಟ್ಟುಕೊಂಡು ಅವನನ್ನು ಆಚೆ ತಳ್ಳುತ್ತಾನೆ. ಹೆದರದ ಪೇಷಂಟ್ ಮುಂದೆ ಈ ವಿಲನ್ ಕೈಯಲ್ಲಿ ಏನೂ ಉಳಿಯುವುದಿಲ್ಲ. ಇಷ್ಟು ಸಣ್ಣ ದೃಶ್ಯದಲ್ಲಿ ಇಡೀ ಪಾತ್ರದ ಬಂಡವಾಳ ಬಯಲಾಗಿ ಹೋಗುತ್ತದೆ.

ನಿಮ್ಮ ಲಿಸ್ಟ್‌ನಲ್ಲಿ ಯಾರಿದ್ದಾರೆ? ಸ್ಪಾಯ್ಲರ್ ಬರುತ್ತವೆ, ಬೇಡದವರು ಇಲ್ಲೇ ಇಳಿದುಕೊಳ್ಳಿ.

ಬಾಲ್ಕನಿ

ಬಾಯಲ್ಲಿ ಎರಡು ಕೈ, ಒಂದು ಕನ್ನಡಿ, ಒಂದು ಪೈಪ್ ಇಟ್ಟು "ಮತ್ತೆ, ಮನೇಲೆಲ್ಲಾ ಚೆನ್ನಾಗಿದ್ದಾರಾ?" ಅಂತ ಕೇಳುವ ಜನ ಅವರು. ವಿಲನ್ ಮಾಡೋಕೆ ಸ್ಕ್ರಿಪ್ಟೇ ಬೇಡ.

ಹಳೇರೀಲು

ಮಧ್ಯಂತರ ಅವರೇ, ಆ ಪೇಷಂಟ್ ಪಾತ್ರ 1960ರ ಮೂಲ ಸಿನಿಮಾದಲ್ಲೂ ಇದೆ. ರೋಜರ್ ಕೊರ್ಮನ್ ಚಿತ್ರ. ಆಗಿನ್ನೂ ಯಾರಿಗೂ ಅಷ್ಟಾಗಿ ಗೊತ್ತಿಲ್ಲದ ಜಾಕ್ ನಿಕೋಲ್ಸನ್ ಆ ಪಾತ್ರ ಮಾಡಿದ್ದ. ನಡುವೆ 1982ರಲ್ಲಿ ಅದೇ ಕತೆ ರಂಗದ ಮೇಲೆ ಹಾಡುಗಳ ಸಮೇತ ಬಂತು. 1986ರದ್ದು ಅದರ ಸಿನಿಮಾ ರೂಪ.

ಇನ್ನೊಂದು ಮಜಾ ಹೇಳ್ತೀನಿ. ಆರಿನ್ ಸಾಯುವುದು ನಗಿಸುವ ಗ್ಯಾಸ್‌ನಿಂದ, ಅಲ್ವಾ? ನೈಟ್ರಸ್ ಆಕ್ಸೈಡ್. ಅದು ಹಲ್ಲಿನ ಡಾಕ್ಟರ ಕೈಗೆ ಬಂದದ್ದೇ ಒಂದು ತಮಾಷೆ ಪ್ರದರ್ಶನದಿಂದ. 1844ರ ಡಿಸೆಂಬರ್‌ನಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಕೋಲ್ಟನ್ ಅನ್ನುವವನು ಟಿಕೆಟ್ ಇಟ್ಟು ಶೋ ಮಾಡುತ್ತಿದ್ದ. ಜನ ಸ್ಟೇಜ್ ಹತ್ತಿ ಗ್ಯಾಸ್ ಎಳೆದುಕೊಂಡು ಕುಣಿಯುವುದು, ಉಳಿದವರು ನೋಡಿ ನಗುವುದು. ಹಾಗೆ ಕುಣಿದ ಒಬ್ಬನ ಕಾಲಿಗೆ ಪೆಟ್ಟು ಬಿದ್ದು ರಕ್ತ ಬರುತ್ತಿತ್ತು. ಅವನಿಗೆ ಗೊತ್ತೇ ಆಗಿರಲಿಲ್ಲ. ಪ್ರೇಕ್ಷಕರಲ್ಲಿ ಕೂತಿದ್ದ ಹೊರೇಸ್ ವೆಲ್ಸ್ ಅನ್ನುವ ಡೆಂಟಿಸ್ಟ್ ಅದನ್ನು ಗಮನಿಸಿದ. ಮಾರನೇ ದಿನ ತಾನೇ ಗ್ಯಾಸ್ ಎಳೆದುಕೊಂಡು ತನ್ನದೇ ಹಲ್ಲು ಕೀಳಿಸಿಕೊಂಡ. ನೋವು ಮರೆಸುವ ವೈದ್ಯಕ್ಕೂ ಟಿಕೆಟ್ ಕೊಟ್ಟು ನಗುವ ಜನಕ್ಕೂ ಅಲ್ಲಿಂದಲೇ ನಂಟು.

ನೈಟ್‌ಡ್ಯೂಟಿ

ನಾನು ನರ್ಸ್. ಹಾಗಾಗಿ ಮೊದಲು ನನ್ನ ತಕರಾರು.

ಸಿನಿಮಾದಲ್ಲಿ ಡಾಕ್ಟರ್ ಕೆಟ್ಟವನಾದರೆ ಅವನು 'ಹುಚ್ಚು ಪ್ರತಿಭಾವಂತ'. ಲ್ಯಾಬ್ ಇರುತ್ತದೆ, ಸಿದ್ಧಾಂತ ಇರುತ್ತದೆ, ಉದ್ದ ಭಾಷಣ ಇರುತ್ತದೆ. ನರ್ಸ್ ಕೆಟ್ಟವಳಾದರೆ? ಬಿಗಿ ಯೂನಿಫಾರ್ಮ್, ಕೈಯಲ್ಲೊಂದು ದೊಡ್ಡ ಸಿರಿಂಜ್, ಅಷ್ಟೇ. ಯಾಕೆ ಕೆಟ್ಟವಳು ಅಂತ ಕೇಳುವ ಹಾಗಿಲ್ಲ.

ಆದರೂ ಒಂದು ಪಾತ್ರಕ್ಕೆ ನಾನು ಕೈ ಮುಗಿಯುತ್ತೇನೆ. 1975ರ 'ಒನ್ ಫ್ಲೂ ಓವರ್ ದ ಕುಕೂಸ್ ನೆಸ್ಟ್'ನ ನರ್ಸ್ ರ‍್ಯಾಚೆಡ್. ಮಾನಸಿಕ ಆಸ್ಪತ್ರೆಯ ಕತೆ, ಪೂರಾ ಡಾರ್ಕ್ ಕಾಮಿಡಿ ಅಲ್ಲ, ಗೊತ್ತು. ಆದರೆ ಆಮೇಲೆ ಬಂದ ಎಲ್ಲಾ ಕೆಟ್ಟ ನರ್ಸುಗಳ ತವರುಮನೆ ಅದೇ. ಬೇಸ್‌ಬಾಲ್ ಪಂದ್ಯ ಟಿವಿಯಲ್ಲಿ ನೋಡಬೇಕೋ ಬೇಡವೋ ಅಂತ ವಾರ್ಡ್‌ನಲ್ಲಿ ಓಟು ಹಾಕುವ ದೃಶ್ಯ ನೆನಪಿದೆಯಾ? ಗುಂಪಿನಲ್ಲಿ ಕೂತ 9 ಜನರೂ ಕೈ ಎತ್ತುತ್ತಾರೆ. ರ‍್ಯಾಚೆಡ್ ಏನನ್ನುತ್ತಾಳೆ? ವಾರ್ಡ್‌ನಲ್ಲಿ 18 ಜನ ಇದ್ದಾರೆ, ಬಹುಮತ ಬೇಕು. ಉಳಿದವರಿಗೆ ಓಟು ಅಂದರೇನು ಅಂತಲೂ ಗೊತ್ತಿಲ್ಲದ ಸ್ಥಿತಿ. ನಾಯಕ ಮ್ಯಾಕ್‌ಮರ್ಫಿ, ಅವನೂ ಪೇಷಂಟೇ, ಅವರಲ್ಲಿ ಒಬ್ಬೊಬ್ಬರ ಹತ್ತಿರವೂ ಹೋಗಿ ಗೋಗರೆಯುತ್ತಾನೆ. ಕೊನೆಗೂ ಹತ್ತನೇ ಕೈ ಎದ್ದಾಗ ಅವಳ ಉತ್ತರ: ಮೀಟಿಂಗ್ ಆಗಲೇ ಮುಗಿಯಿತು.

ದನಿ ಏರಿಸುವುದಿಲ್ಲ. ಮುಖ ಸಿಂಡರಿಸುವುದಿಲ್ಲ. ನಿಯಮದ ಪ್ರಕಾರವೇ ಎಲ್ಲಾ. ಲೂಯಿಸ್ ಫ್ಲೆಚರ್‌ಗೆ ಆಸ್ಕರ್ ಸುಮ್ನೆ ಬರಲಿಲ್ಲ. ಅಂಥ ಸಿಸ್ಟರ್ ಒಬ್ಬರ ಕೈಕೆಳಗೆ ಕೆಲಸ ಮಾಡಿದವರಿಗೆ ಆ ಸೀನ್ ನೋಡಿದರೆ ಇವತ್ತಿಗೂ ಬೆವರುತ್ತದೆ. ಹೆಸರು ಕೇಳಬೇಡಿ!

ಕೊನೇಸಾಲು

ಅದಕ್ಕೆ ಎರಡೇ ವರ್ಷಕ್ಕೆ ಹಾಸ್ಯ ನಿರ್ದೇಶಕ ಮೆಲ್ ಬ್ರೂಕ್ಸ್ ಉತ್ತರ ಕೊಟ್ಟ. 1977ರ 'ಹೈ ಆಂಕ್ಸೈಟಿ', ನರ್ಸ್ ಡೀಸೆಲ್. ಕ್ಲೋರಿಸ್ ಲೀಚ್‌ಮನ್ ಮೀಸೆಯೊಂದನ್ನು ಸಣ್ಣಗೆ ಬರೆದುಕೊಂಡು, ತುಟಿ ಅಲ್ಲಾಡಿಸದೆ ಮಾತಾಡುತ್ತಾಳೆ. ಆಸ್ಪತ್ರೆಯ ಹೆಸರಿನಲ್ಲೇ 'ತುಂಬಾ, ತುಂಬಾ ಗಾಬರಿಯವರಿಗಾಗಿ' ಅಂತ ಇದೆ. ಒಳಗಿನ ದಂಧೆ ಏನು ಅಂದರೆ, ಚೆನ್ನಾಗಿರುವ ಸಾಹುಕಾರರನ್ನು ಕಾಯಿಲೆ ವಾಸಿಯಾಗಿಲ್ಲ ಅಂತ ಹಿಡಿದಿಟ್ಟುಕೊಂಡು ಮನೆಯವರಿಂದ ದುಡ್ಡು ಎಳೆಯುವುದು. ತಮಾಷೆ ಸಿನಿಮಾ. ಆದರೆ ಆ ದಂಧೆಯ ಭಾಗ ನೋಡುವಾಗ ನಗು ಸ್ವಲ್ಪ ತಡವಾಗಿ ಬರುತ್ತದೆ.

ಈಗ ನನ್ನ ನಂಬರ್ ಒನ್. 2018ರ 'ಅಂಧಾಧುನ್'ನ ಡಾಕ್ಟರ್ ಸ್ವಾಮಿ. ಶ್ರೀರಾಮ್ ರಾಘವನ್ ಸಿನಿಮಾ, ಜಾಕಿರ್ ಹುಸೇನ್ ಮಾಡಿದ್ದಾರೆ. ಕಿಡ್ನಿ ಕದಿಯುವ ಡಾಕ್ಟರ್ ಅಂದರೆ ನಮ್ಮ ಸಿನಿಮಾಗಳಲ್ಲಿ ಹೇಗಿರುತ್ತಾನೆ? ಕೆಂಪು ಬೆಳಕು, ಅಟ್ಟಹಾಸ, ಹಿಂದೆ ಹತ್ತು ಜನ ಗೂಂಡಾಗಳು. ಇವನು ಹಾಗಲ್ಲ. ಬೇಸತ್ತ ಅಕೌಂಟೆಂಟ್ ಥರ ಇದ್ದಾನೆ. ಜೊತೆಗೆ ಒಬ್ಬ ಆಟೋದವನು, ಲಾಟರಿ ಟಿಕೆಟ್ ಮಾರುವ ಒಬ್ಬ ಹೆಂಗಸು. ಇಷ್ಟೇ ಗ್ಯಾಂಗ್.

ಟೇಬಲ್ ಮೇಲೆ ಮಲಗಿದವನು "ಕಿಡ್ನಿಗಿಂತ ಜಾಸ್ತಿ ದುಡ್ಡು ಬರೋ ಪ್ಲಾನ್ ನನ್ನ ಹತ್ರ ಇದೆ" ಅನ್ನುವ ಅರ್ಥದಲ್ಲಿ ಮಾತು ಶುರು ಮಾಡಿದರೆ ಡಾಕ್ಟರ್ ಕೂತು ಕೇಳುತ್ತಾನೆ! ಕೋಪವಿಲ್ಲ, ದ್ವೇಷವಿಲ್ಲ. ಲೆಕ್ಕ ಸರಿ ಕಂಡರೆ ಸರಿ. ಆಮೇಲೆ ಖಳನಾಯಕಿಯ ರಕ್ತದ ಗುಂಪು ಅಪರೂಪದ್ದು ಅಂತ ಗೊತ್ತಾದ ತಕ್ಷಣ ಅವಳೇ ಅವನಿಗೆ ಸರಕು. ಲಿವರ್ ಯಾರಿಗೆ, ಕಣ್ಣು ಯಾರಿಗೆ ಅಂತ ಕಾರು ಓಡಿಸುತ್ತಲೇ ಹಂಚುತ್ತಾನೆ. ಡಿಕ್ಕಿಯಲ್ಲಿ ಅವಳು ಜೀವಂತ ಇದ್ದಾಳೆ.

ನಮ್ಮ ಹಿರಿಯರು ಸುಮ್ನೆ ಹೇಳಿಲ್ಲ. 'ವೈದ್ಯರಾಜ ನಮಸ್ತುಭ್ಯಂ ಯಮರಾಜ ಸಹೋದರ.' ಯಮ ಪ್ರಾಣ ಮಾತ್ರ ಒಯ್ಯುತ್ತಾನೆ, ವೈದ್ಯ ಪ್ರಾಣವನ್ನೂ ದುಡ್ಡನ್ನೂ ಒಯ್ಯುತ್ತಾನೆ. ಡಾಕ್ಟರ್ ಸ್ವಾಮಿಯ ಬೋರ್ಡ್ ಮೇಲೆ ಬರೆಸಬಹುದು.

ಹಳೇರೀಲು

ಕೊನೇಸಾಲು, ಸಂಸ್ಕೃತದ ಮಾತು ಬಂದಿದ್ದಕ್ಕೆ ಹೇಳ್ತೀನಿ. ಜಗದೀಶ್ವರನ 'ಹಾಸ್ಯಾರ್ಣವ' ಅನ್ನುವ ಪ್ರಹಸನದಲ್ಲಿ ಒಬ್ಬ ವೈದ್ಯ ಬರುತ್ತಾನೆ. ಹೆಸರು ವ್ಯಾಧಿಸಿಂಧು. ಅಪ್ಪನ ಹೆಸರು ಆತುರಾಂತಕ. ಹೊಟ್ಟೆಶೂಲೆಗೆ ಇವನ ಚಿಕಿತ್ಸೆ ಕಾದ ಸೂಜಿಯಿಂದ ಬಾಯೊಳಗೆ ಬರೆ ಹಾಕುವುದು! ಅದೇ ನಾಟಕದಲ್ಲಿ ಕ್ಷೌರಿಕನ ಹೆಸರು ರಕ್ತಕಲ್ಲೋಲ. ಡಾರ್ಕ್ ಕಾಮಿಡಿ ಅನ್ನುವುದು ನಿನ್ನೆ ಮೊನ್ನೆ ಹಾಲಿವುಡ್‌ನಿಂದ ಬಂದದ್ದು ಅನ್ನುವವರಿಗೆ ಇದನ್ನು ತೋರಿಸಬೇಕು.

ಗೊಣಗಪ್ಪ

ಎಲ್ಲಾ ಸರಿ ಸ್ವಾಮಿ. ಆದರೆ ಇಂಥ ಸಿನಿಮಾ ನೋಡಿ ಜನ ಆಸ್ಪತ್ರೆಗೆ ಹೋಗೋಕೇ ಹೆದರ್ತಾರೆ. ರ‍್ಯಾಚೆಡ್ ಸಿನಿಮಾದ ಕರೆಂಟ್ ಶಾಕ್ ಸೀನ್ ನೋಡಿದವರು ಆ ಚಿಕಿತ್ಸೆ ಇವತ್ತಿಗೂ ಹಾಗೇ ಮಾಡ್ತಾರೆ ಅಂದುಕೊಂಡಿದ್ದಾರೆ. ಇದರಲ್ಲಿ ನಗೋಕೆ ಏನಿದೆ?

ನೈಟ್‌ಡ್ಯೂಟಿ

ಗೊಣಗಪ್ಪ ಅವರೇ, ಶಾಕ್ ವಿಷಯದಲ್ಲಿ ನಿಮ್ಮ ಮಾತು ನಿಜ. ಈಗ ಅದನ್ನು ಪೂರ್ತಿ ಅರಿವಳಿಕೆ ಕೊಟ್ಟು, ಸ್ನಾಯು ಸಡಿಲವಾಗುವ ಔಷಧಿ ಕೊಟ್ಟು ಮಾಡುತ್ತಾರೆ. ಪೇಷಂಟ್ ಒದ್ದಾಡುವುದು, ನಾಲ್ಕು ಜನ ಅಮುಕಿ ಹಿಡಿಯುವುದು, ಅದೆಲ್ಲಾ ಇಲ್ಲ. ಆದರೆ ಆ ಚಿಕಿತ್ಸೆ ಬೇಡ ಅಂತ ಬೇಡಿಕೊಂಡು ಬರುವ ಮನೆಯವರ ತಲೆಯಲ್ಲಿ ಇರುವುದು ಸಿನಿಮಾದ ಚಿತ್ರವೇ.

ಡೆಂಟಿಸ್ಟ್ ಗ್ಯಾಸ್ ಕೂಡ ಅಷ್ಟೇ. ಅದನ್ನು ಕೊಡುವುದೇ ಆಕ್ಸಿಜನ್ ಬೆರೆಸಿ. ಆಕ್ಸಿಜನ್ ನಿಂತರೆ ಗ್ಯಾಸೂ ನಿಲ್ಲುವ ಹಾಗೆ ಮೆಷಿನ್‌ಗೆ ವ್ಯವಸ್ಥೆ ಇರುತ್ತದೆ. ಆರಿನ್ ಹಾಕಿಕೊಂಡದ್ದು ತನ್ನ ಮೋಜಿಗೆ ಮಾಡಿಸಿಕೊಂಡ ಮುಖವಾಡ. ಅದು ಸಿಕ್ಕಿಹಾಕಿಕೊಂಡು ಬಿಚ್ಚಲಾಗದೆ ಹೋಗುತ್ತದೆ. ಅವನನ್ನು ಕೊಂದದ್ದು ಡೆಂಟಿಸ್ಟ್ರಿ ಅಲ್ಲ ಬಿಡಿ.

ಆದರೆ 'ನಗೋಕೆ ಏನಿದೆ' ಅಂದಿರಲ್ಲ, ಅದನ್ನು ಒಪ್ಪಲ್ಲ. ನಮ್ಮ ಡ್ಯೂಟಿ ರೂಮಿನಲ್ಲಿ ರಾತ್ರಿ ಮೂರಕ್ಕೆ ಹರಿಯುವ ಜೋಕುಗಳನ್ನು ಕೇಳಿದರೆ ನೀವು ಈ ಸಿನಿಮಾಗಳನ್ನು ಮಕ್ಕಳ ಚಿತ್ರ ಅನ್ನುತ್ತೀರಿ.

ಮಧ್ಯಂತರ

ಆರಿನ್ ಸಾವಿನ ಬಗ್ಗೆ ಒಂದು ಮಾತು. ಆ ಸಿನಿಮಾದ ಕತೆ ಮನುಷ್ಯರನ್ನು ತಿನ್ನುವ ಒಂದು ಗಿಡದ್ದು. ಮೊದಲ ಅಂತ್ಯದಲ್ಲಿ ನಾಯಕ, ನಾಯಕಿ ಇಬ್ಬರನ್ನೂ ಆ ಗಿಡ ತಿನ್ನುತ್ತದೆ. ಪ್ರಿವ್ಯೂ ನೋಡಿದ ಪ್ರೇಕ್ಷಕರಿಗೆ ಅದು ಹಿಡಿಸಲಿಲ್ಲ. ಅಂತ್ಯವನ್ನೇ ಮತ್ತೆ ಶೂಟ್ ಮಾಡಿದರು. ಮೂಲ ಅಂತ್ಯ ಪೂರ್ತಿಯಾಗಿ ಹೊರಗೆ ಬಂದದ್ದು 2012ರಲ್ಲಿ. ಡೆಂಟಿಸ್ಟ್‌ನನ್ನು ತುಂಡು ಮಾಡಿ ಗಿಡಕ್ಕೆ ಹಾಕಿದ್ದು ಮಾತ್ರ ಎರಡರಲ್ಲೂ ಹಾಗೇ ಉಳಿಯಿತು. ಯಾರೂ ಚಕಾರ ಎತ್ತಲಿಲ್ಲ. ಪ್ರೇಯಸಿಗೆ ಹೊಡೆಯುವವನು ಅಂತ ಮೊದಲೇ ತೋರಿಸಿಬಿಟ್ಟಿದ್ದರಲ್ಲ, ಅದಕ್ಕೆ.

ಸಬ್‌ಟೈಟಲ್

ನಿಮ್ಮೆಲ್ಲರ ವಿಲನ್‌ಗಳಿಗೂ ಒಂದು ಸಮಸ್ಯೆ ಇದೆ. ಅವರು ವಿಲನ್ ಅಂತ ಎಲ್ಲರಿಗೂ ಗೊತ್ತು. ಕೈಯಲ್ಲಿ ಚಾಕು ಇಲ್ಲದ ವಿಲನ್ ಬೇಕಾದರೆ 2005ರ ರೊಮೇನಿಯಾ ಸಿನಿಮಾ ನೋಡಿ, 'ದ ಡೆತ್ ಆಫ್ ಮಿಸ್ಟರ್ ಲಜಾರೆಸ್ಕು'. ಕ್ರಿಸ್ತಿ ಪುಯು ನಿರ್ದೇಶನ. ಕಾನ್ ಚಿತ್ರೋತ್ಸವದಲ್ಲಿ 'ಅನ್ ಸರ್ಟನ್ ರಿಗಾರ್' ಪ್ರಶಸ್ತಿ ಬಂದದ್ದು. ಎರಡೂವರೆ ಗಂಟೆ ಇದೆ. ತಾಳ್ಮೆ ಬೇಕು.

ಬೆಕ್ಕುಗಳ ಜೊತೆ ಒಬ್ಬನೇ ಇರುವ ಒಬ್ಬ ಮುದುಕನಿಗೆ ತಲೆನೋವು, ಹೊಟ್ಟೆನೋವು. ಆಂಬುಲೆನ್ಸ್ ಬರುತ್ತದೆ. ಅದೇ ರಾತ್ರಿ ದೊಡ್ಡ ಬಸ್ ಅಪಘಾತ. ಆಸ್ಪತ್ರೆಗಳೆಲ್ಲಾ ತುಂಬಿಹೋಗಿವೆ. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ. ಪ್ರತಿ ಡಾಕ್ಟರಿಗೂ ಮೊದಲು ಬರುವುದು ಬಾಯಿಯ ವಾಸನೆ. "ಕುಡಿದಿದ್ದೀಯ, ಅದಕ್ಕೇ ಹೀಗೆ" ಅನ್ನುವ ಬೈಗುಳ.

ಒಂದು ಕಡೆ ಕೊನೆಗೂ ಆಪರೇಷನ್ ಮಾಡೋಣ ಅನ್ನುವ ಹಂತಕ್ಕೆ ಬರುತ್ತದೆ. ಒಪ್ಪಿಗೆ ಪತ್ರಕ್ಕೆ ಸಹಿ ಬೇಕು. ಮುದುಕನಿಗೆ ಆಗಲೇ ಮಾತು ತೊದಲುತ್ತಿದೆ. ಎಲ್ಲಿದ್ದೇನೆ ಅಂತಲೂ ಗೊತ್ತಿಲ್ಲ, ಸಹಿ ಹಾಕಲ್ಲ ಅನ್ನುತ್ತಾನೆ. ಸಹಿ ಇಲ್ಲದೆ ಮುಟ್ಟಲ್ಲ ಅಂತ ಡಾಕ್ಟರ್. ಪ್ರಜ್ಞೆ ತಪ್ಪಿದರೆ ಸಹಿ ಬೇಕಾಗಿಲ್ಲ, ಅಲ್ಲಿಯವರೆಗೆ ಆಂಬುಲೆನ್ಸ್‌ನಲ್ಲೇ ಸುತ್ತಾಡಿಸಿಕೊಂಡು ಬನ್ನಿ ಅನ್ನುವ ಮಾತು ಬರುತ್ತದೆ. ನಾನು ಜೋರಾಗಿ ನಕ್ಕೆ. ನಕ್ಕ ಮೇಲೆ ಪಕ್ಕದಲ್ಲಿ ಯಾರಾದರೂ ನೋಡಿದರಾ ಅಂತ ನೋಡಿಕೊಂಡೆ.

ಇಲ್ಲಿ ಕೊಲೆಗಾರ ಯಾರು ಹೇಳಿ? ಒಬ್ಬೊಬ್ಬರೂ ದಣಿದಿದ್ದಾರೆ, ಒಬ್ಬೊಬ್ಬರಿಗೂ ಕಾರಣ ಇದೆ.

ಮಧ್ಯಂತರ

ಸಬ್‌ಟೈಟಲ್, ಸಿನಿಮಾ ದೊಡ್ಡದು, ಒಪ್ಪಿದೆ. ಆದರೆ 'ವ್ಯವಸ್ಥೆಯೇ ವಿಲನ್' ಅಂದುಬಿಟ್ಟರೆ ಈ ಥ್ರೆಡ್ಡೇ ಬೇಡವಲ್ಲ. ವಿಲನ್ ಅಂದರೆ ನನಗೆ ಒಂದು ಮುಖ ಬೇಕು. ತೆರೆಯ ಮೇಲೆ ಅದು ಬಂದ ಕೂಡಲೇ "ಬಂದ ನೋಡು" ಅನ್ನಿಸಬೇಕು. ವ್ಯವಸ್ಥೆ ಬಾಗಿಲು ತೆರೆದುಕೊಂಡು ಒಳಗೆ ಬರಲ್ಲ.

ಸಬ್‌ಟೈಟಲ್

ಎರಡೂ ಒಟ್ಟಿಗೆ ಬೇಕಾ? 1971ರ 'ದ ಹಾಸ್ಪಿಟಲ್' ತಗೊಳ್ಳಿ. ಪ್ಯಾಡಿ ಚಯೆಫ್‌ಸ್ಕಿಗೆ ಚಿತ್ರಕತೆಗೆ ಆಸ್ಕರ್ ಬಂದದ್ದು. ಆಸ್ಪತ್ರೆಯಲ್ಲಿ ಡಾಕ್ಟರುಗಳು, ನರ್ಸುಗಳು ಒಬ್ಬೊಬ್ಬರೇ ಸಾಯುತ್ತಾರೆ. ಕೊಲೆಗಾರ ಇದ್ದಾನೆ, ಮುಖವೂ ಇದೆ. ಆದರೆ ಅವನು ಕೊಲ್ಲುವ ರೀತಿ ನೋಡಿ. ಡಾಕ್ಟರನ್ನೇ ಪೇಷಂಟ್ ಮಾಡಿ ಮಲಗಿಸಿಬಿಡುತ್ತಾನೆ. ಉಳಿದದ್ದನ್ನು ಆಸ್ಪತ್ರೆಯೇ ನೋಡಿಕೊಳ್ಳುತ್ತದೆ! ಯಾರದೋ ಡ್ರಿಪ್ ಯಾರಿಗೋ ಹಾಕುತ್ತಾರೆ. ಎಮರ್ಜೆನ್ಸಿಯಲ್ಲಿ ಬಿದ್ದವನ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಅವರದೇ ಬೇಜವಾಬ್ದಾರಿ ಅವರಿಗೇ ಉರುಳು.

ನೈಟ್‌ಡ್ಯೂಟಿ

ಇದನ್ನು ಓದಿ ತಲೆದೂಗಿದೆ. ಕೈಗೆ ಕಟ್ಟುವ ಹೆಸರಿನ ಪಟ್ಟಿ ಯಾಕೆ ಇದೆ, ಆಪರೇಷನ್‌ಗೆ ಮೊದಲು ಹೆಸರು, ಯಾವ ಕಡೆ, ಯಾವ ಅಂಗ ಅಂತ ಮತ್ತೆ ಮತ್ತೆ ಯಾಕೆ ಕೇಳುತ್ತೇವೆ ಅಂತ ಪೇಷಂಟ್‌ಗಳು ಬೇಜಾರು ಮಾಡಿಕೊಳ್ಳುತ್ತಾರೆ. ಆ ಸಿನಿಮಾ ನೋಡಲಿ.

ಡಾಕ್ಟರ್ ಸ್ವಾಮಿಯ ಕಿಡ್ನಿ ಲೆಕ್ಕ ಅಂದಾಗ ನೆನಪಾಯಿತು. 2020ರ '12-ಅವರ್ ಶಿಫ್ಟ್' ಯಾರಾದರೂ ನೋಡಿದ್ದೀರಾ? ಬ್ರೀ ಗ್ರಾಂಟ್ ಅನ್ನುವ ನಿರ್ದೇಶಕಿ ಮಾಡಿದ್ದು. ಕತೆ ನಡೆಯುವುದು 1999ರಲ್ಲಿ, ಅಮೆರಿಕದ ಅರ್ಕಾನ್ಸಾದ ಒಂದು ಆಸ್ಪತ್ರೆಯಲ್ಲಿ. ಮ್ಯಾಂಡಿ ಅನ್ನುವ ನರ್ಸ್, ತಾನೇ ಮಾದಕ ಔಷಧಿಯ ಚಟಕ್ಕೆ ಬಿದ್ದವಳು. ಸಾಯುವ ಹಂತದ ಪೇಷಂಟ್‌ಗಳನ್ನು ಬೇಗ ಸಾಯಿಸಿ ಅಂಗಾಂಗ ಮಾರುವ ದಂಧೆಯಲ್ಲಿದ್ದಾಳೆ. ಒಂದು ಕಿಡ್ನಿಯನ್ನು ಚೀಲಕ್ಕೆ ಹಾಕಿ ಕಸಿನ್ ಕೈಗೆ ಕೊಟ್ಟರೆ, ಆ ಪುಣ್ಯಾತ್ಗಿತ್ತಿ ಅದನ್ನು ಅಲ್ಲೇ ಮರೆತು ಹೋಗುತ್ತಾಳೆ. ಅಲ್ಲಿಂದ ಇಡೀ ರಾತ್ರಿ ಎಡವಟ್ಟು.

ನನಗೆ ಹಿಡಿಸಿದ್ದು ರಕ್ತಪಾತ ಅಲ್ಲ. ಮ್ಯಾಂಡಿ ನಡುನಡುವೆ ಡ್ಯೂಟಿಯನ್ನೂ ಮಾಡುತ್ತಿರುತ್ತಾಳೆ! ಬೆಲ್ ಒತ್ತಿದ ಪೇಷಂಟ್ ಹತ್ತಿರ ಹೋಗಬೇಕು, ಸಹೋದ್ಯೋಗಿ ಕರೆದರೆ ತಿರುಗಬೇಕು. ಮ್ಯಾಂಡಿ ಪಾತ್ರ ಮಾಡಿದ ಆಂಜೆಲಾ ಬೆಟಿಸ್ ಮುಖದಲ್ಲಿ ಇರುವುದು ಪಾಪಪ್ರಜ್ಞೆ ಅಲ್ಲ, ಸುಸ್ತು. ಡಬಲ್ ಶಿಫ್ಟ್ ಮಾಡಿದವರು ಆ ಮುಖವನ್ನು ದೂರದಿಂದಲೇ ಗುರುತು ಹಿಡಿಯುತ್ತಾರೆ. ಕೊನೆಗೂ ಸಿರಿಂಜ್ ಎತ್ತಿ ಹಿಡಿದು ನಗದ ಒಬ್ಬ ಕೆಟ್ಟ ನರ್ಸ್ ಸಿಕ್ಕಳು.

ಬಾಲ್ಕನಿ

ಕಿಡ್ನಿ ಮರೆತು ಹೋಗುವುದು! ನಾನು ಛತ್ರಿ ಮರೆತರೇ ಮನೇಲಿ ಇಷ್ಟು ಬೈತಾರೆ.

ಕೊನೇಸಾಲು

'ಗೆಟ್ ಔಟ್' ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ. 2017. ನಾಯಕನ ಗೆಳತಿಯ ಅಪ್ಪ ನ್ಯೂರೋಸರ್ಜನ್, ಅಮ್ಮ ಹಿಪ್ನಾಸಿಸ್ ಮಾಡುವವಳು. ಟೀ ಕಪ್ಪಿಗೆ ಚಮಚ ತಾಗಿಸುತ್ತಾ ಕೂತ ಕಡೆಯೇ ಮನುಷ್ಯನನ್ನು ಪಾತಾಳಕ್ಕೆ ಇಳಿಸುತ್ತಾಳೆ. ಅದನ್ನು ಗೋಲ್ಡನ್ ಗ್ಲೋಬ್‌ನವರು ಕಾಮಿಡಿ ವಿಭಾಗಕ್ಕೆ ಹಾಕಿದ್ದರು. ಆಗ ಎಷ್ಟು ಜಗಳ ಆಯ್ತು!

ಹಳೇರೀಲು

ನನಗೆ ಅದು ಹಾರರ್. ನಾಯಕನ ಗೆಳೆಯನ ಪಾತ್ರ ನಗಿಸುತ್ತದೆ, ಡಾಕ್ಟರ್ ನಗಿಸಲ್ಲ. ಮುಂದಕ್ಕೆ ಹೋಗೋಣ.

ನಾನು ಕಾಯುತ್ತಿದ್ದದ್ದು ಒಬ್ಬನಿಗಾಗಿ, ಯಾರೂ ಹೆಸರೆತ್ತಲಿಲ್ಲ. 1944ರ 'ಆರ್ಸೆನಿಕ್ ಅಂಡ್ ಓಲ್ಡ್ ಲೇಸ್', ಪೀಟರ್ ಲೋರೆ ಮಾಡಿದ ಡಾಕ್ಟರ್ ಐನ್‌ಸ್ಟೈನ್. ಪ್ಲಾಸ್ಟಿಕ್ ಸರ್ಜನ್, ಸದಾ ಕುಡಿದಿರುತ್ತಾನೆ. ಕೊಲೆಗಾರ ಜೊನಾಥನ್ ಪೊಲೀಸರಿಂದ ತಪ್ಪಿಸಿಕೊಳ್ಳಲು ಇವನ ಹತ್ತಿರ ಮುಖ ಬದಲಿಸಿಕೊಳ್ಳುತ್ತಾನೆ. ಇವನು ಆಪರೇಷನ್‌ಗೆ ಮೊದಲು ಒಂದು ಭಯಾನಕ ಸಿನಿಮಾ ನೋಡಿ ಬಂದಿದ್ದ, ಮೇಲೆ ಅಮಲು ಬೇರೆ. ಎಚ್ಚರ ಆದಾಗ ಜೊನಾಥನ್ ಮುಖ ಹಾರರ್ ಸಿನಿಮಾಗಳ ನಟ ಬೋರಿಸ್ ಕಾರ್ಲೋಫ್ ಥರ ಆಗಿದೆ! ಬ್ರಾಡ್‌ವೇ ನಾಟಕದಲ್ಲಿ ಆ ಪಾತ್ರವನ್ನು ಸ್ವತಃ ಕಾರ್ಲೋಫ್ ಮಾಡುತ್ತಿದ್ದ. ಸಿನಿಮಾದಲ್ಲಿ ರೇಮಂಡ್ ಮ್ಯಾಸಿ ಮಾಡಿದ.

ಈ ಡಾಕ್ಟರ್ ಮೆತ್ತಗಿನ ಮನುಷ್ಯ. ಜೊನಾಥನ್ ಒಬ್ಬನನ್ನು ನಿಧಾನವಾಗಿ ಕೊಲ್ಲುವ 'ಮೆಲ್ಬರ್ನ್ ವಿಧಾನ' ಅಂದಾಗ ಬೇಡ ಬೇಡ ಅಂತ ಕೈ ಮುಗಿಯುತ್ತಾನೆ. ಕೊಲೆ ಬೇಡ ಅಂತಲ್ಲ ಮತ್ತೆ. ಅದಕ್ಕೆ ಎರಡು ಗಂಟೆ ಹಿಡಿಯುತ್ತದೆ, ನೋಡೋಕಾಗಲ್ಲ ಅಂತ. ಹೆಣಗಳ ಲೆಕ್ಕದಲ್ಲೂ ಬಲು ಪ್ರಾಮಾಣಿಕ. ಜೊನಾಥನ್ 13 ಅಂದರೆ ಇವನು 12 ಅನ್ನುತ್ತಾನೆ. ಒಬ್ಬ ಸತ್ತದ್ದು ನ್ಯುಮೋನಿಯಾದಿಂದ, ಅದನ್ನು ಸೇರಿಸುವ ಹಾಗಿಲ್ಲವಂತೆ. ಗುಂಡು ಹೊಡೆಯದಿದ್ದರೆ ನ್ಯುಮೋನಿಯಾ ಬರುತ್ತಿರಲಿಲ್ಲ ಅಂತ ಜೊನಾಥನ್ ವಾದ. ಮರಣ ಪ್ರಮಾಣಪತ್ರದಲ್ಲಿ ಕಾರಣ ಬರೆಯುವ ಚರ್ಚೆ ಥರ ಗಂಭೀರವಾಗಿ ಇಬ್ಬರೂ ಜಗಳ ಆಡುತ್ತಾರೆ.

ಕೊನೆಯಲ್ಲಿ ಇನ್ನೂ ಚೆಂದ. ಮನೆಯವರನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಲು ಕಾಗದಕ್ಕೆ ಒಬ್ಬ ಡಾಕ್ಟರ್ ಸಹಿ ಬೇಕು. ಇವನೇ ಹಾಕುತ್ತಾನೆ. ಪಕ್ಕದಲ್ಲೇ ಪೊಲೀಸ್ ಅಧಿಕಾರಿ ಫೋನಿನಲ್ಲಿ ಬೇಕಾದ ಆರೋಪಿಯ ಚಹರೆ ಕೇಳಿಕೊಂಡು ಜೋರಾಗಿ ಹೇಳುತ್ತಿದ್ದಾನೆ. ಆ ಚಹರೆ ಇವನದೇ. ಸಹಿ ಆಯಿತು, ಡಾಕ್ಟರ್ ಸಾಹೇಬರು ನಡೆದರು. ಯಾರೂ ತಡೆಯಲಿಲ್ಲ.

ನೈಟ್‌ಡ್ಯೂಟಿ

ಇದು ಇವತ್ತು ರಾತ್ರಿಯೇ ನೋಡ್ತೀನಿ. ಇಷ್ಟು ಜನರಲ್ಲಿ ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ಡ್ರಿಲ್ ಅಲ್ಲ. ರ‍್ಯಾಚೆಡ್‌ಳ ಬಹುಮತ, ಲಜಾರೆಸ್ಕುವಿನ ಒಪ್ಪಿಗೆ ಪತ್ರ, ಈಗ ಈ ಸಹಿ. ಯಾವುದಾದರೂ ಸಿನಿಮಾದಲ್ಲಿ ಕಾಗದ ಡಾಕ್ಟರನ್ನು ಅಟ್ಟಿಸಿಕೊಂಡು ಹೋಗಿದ್ದು ಇದೆಯಾ?

ಕೊನೇಸಾಲು

ಅಟ್ಟಿಸಿಕೊಂಡು ಹೋಗುವುದು ಇಲ್ಲ, ಕಾಗದವನ್ನೇ ಕಾಸು ಮಾಡಿಕೊಳ್ಳುವುದು ಇದೆ. 2020ರ 'ಐ ಕೇರ್ ಎ ಲಾಟ್'. ಒಬ್ಬಂಟಿ, ಹಣವಂತ ಮುದುಕರಿಗೆ ಮರೆವಿನ ಕಾಯಿಲೆ ಅಂತ ಡಾಕ್ಟರಮ್ಮ ಬರೆದುಕೊಡುವುದು. ಕೋರ್ಟ್ ನೇಮಿಸಿದ ಪೋಷಕಿ ಬಂದು ಅವರನ್ನು ವೃದ್ಧಾಶ್ರಮಕ್ಕೆ ಸಾಗಿಸಿ ಮನೆ ಮಾರುವುದು. ರೋಸಮಂಡ್ ಪೈಕ್ ಆ ಪೋಷಕಿ. ಕಾಮಿಡಿ ವಿಭಾಗದಲ್ಲಿ ಗೋಲ್ಡನ್ ಗ್ಲೋಬ್ ಗೆದ್ದಳು. ಡಾಕ್ಟರ್ ಪಾತ್ರ ಸಣ್ಣದು, ಆದರೆ ಅವಳ ಒಂದು ಸಹಿ ಇಲ್ಲದಿದ್ದರೆ ಕತೆಯೇ ಇಲ್ಲ. ಎರಡನೇ ಅರ್ಧದಲ್ಲಿ ಮಾಫಿಯಾ ಬಂದು ಸಿನಿಮಾ ಹಾಳಾಯಿತು, ಅದು ಬೇರೆ ಮಾತು.

ಸಬ್‌ಟೈಟಲ್

ನೈಟ್‌ಡ್ಯೂಟಿ ಮೇಡಂ, ನೀವು ಕೇಳಿದ್ದು ಇದೆ. ಸಿನಿಮಾ ಅಲ್ಲ, ಸೀರೀಸ್. ಲಾರ್ಸ್ ವಾನ್ ಟ್ರಿಯರ್‌ನ 'ದ ಕಿಂಗ್‌ಡಮ್', 1994, ಡೆನ್ಮಾರ್ಕ್. ಸ್ಟಿಗ್ ಹೆಲ್ಮರ್ ಅನ್ನುವ ಸ್ವೀಡಿಷ್ ನ್ಯೂರೋಸರ್ಜನ್. ಡೇನ್‌ಗಳನ್ನು, ಅಂದರೆ ಡೆನ್ಮಾರ್ಕಿನವರನ್ನು, ಕಂಡರೆ ಆಗುವುದಿಲ್ಲ. ಆಸ್ಪತ್ರೆಯ ಛಾವಣಿ ಹತ್ತಿ, ಸಮುದ್ರದ ಆಚೆ ಕಾಣುವ ಸ್ವೀಡನ್ ನೋಡುತ್ತಾ ಡೇನ್‌ಗಳಿಗೆ ಹಿಡಿಶಾಪ ಹಾಕುತ್ತಾನೆ.

ಇವನ ಆಪರೇಷನ್‌ನಿಂದ ಒಬ್ಬ ಪುಟ್ಟ ಹುಡುಗಿಯ ಮಿದುಳು ಹಾಳಾಗಿದೆ. ಸಾಕ್ಷಿ ಒಂದೇ, ಅರಿವಳಿಕೆ ವರದಿ. ಅದರ ಪ್ರತಿಗಾಗಿ ಇವನು ಪಡುವ ಪಾಡೇ ಕತೆಯ ಒಂದು ಎಳೆ. ಆಸ್ಪತ್ರೆಯಲ್ಲಿ ದೆವ್ವ ಓಡಾಡುತ್ತಿದೆ, ಇವನಿಗೆ ಅದರ ಗೊಡವೆಯೇ ಇಲ್ಲ. ಇವನ ನಿದ್ದೆ ಕೆಡಿಸುವುದು ಒಂದು ಹಾಳೆ!

ನೈಟ್‌ಡ್ಯೂಟಿ

ಅರಿವಳಿಕೆ ಚಾರ್ಟ್! ಪ್ರತಿ ಐದು ನಿಮಿಷಕ್ಕೂ ಬಿಪಿ, ನಾಡಿ, ಕೊಟ್ಟ ಔಷಧಿ ಎಲ್ಲಾ ಅದರಲ್ಲಿ ಇರುತ್ತದೆ. ಸರ್ಜನ್ ಏನೇ ಕತೆ ಹೇಳಲಿ, ಅದರಲ್ಲಿ ಸಮಯ ಬರೆದಿರುತ್ತದೆ. ಬರೆದವರು ಯಾರೋ ಗೊತ್ತಿರುವವರೇ ಇರಬೇಕು. ಸಿಕ್ಕಿತಾ ಅವನಿಗೆ?

ಸಬ್‌ಟೈಟಲ್

ಅದನ್ನು ಹೇಳಲ್ಲ, ನೋಡಿ. ಇಷ್ಟು ಹೇಳ್ತೀನಿ. ಹೆಲ್ಮರ್ ಮಾಡಿದ ಏರ್ನ್‌ಸ್ಟ್-ಹ್ಯೂಗೊ ಯರೆಗೋರ್ಡ್ 1998ರಲ್ಲಿ ತೀರಿಕೊಂಡರು. 2022ರಲ್ಲಿ ಮೂರನೇ ಸೀಸನ್ ಬಂದಾಗ ಹೆಲ್ಮರ್‌ನ ಮಗ ಅದೇ ಆಸ್ಪತ್ರೆಗೆ ಕೆಲಸಕ್ಕೆ ಸೇರುತ್ತಾನೆ. ಅವನೂ ಡಾಕ್ಟರೇ.

ಬಾಲ್ಕನಿ

ಅಪ್ಪ ಆತುರಾಂತಕ, ಮಗ ವ್ಯಾಧಿಸಿಂಧು. ಹಳೇರೀಲು ಸರ್, ನಿಮ್ಮ ಜಗದೀಶ್ವರನಿಗೆ ರಾಯಲ್ಟಿ ಕೊಡಿಸಿ.